ಸತ್ಯಾಂಶ: ಬೀಗದ ಗುರುತಿದ್ದರೆ ಸರ್ವರ್ ಭದ್ರವೇ?

"ವಿಳಾಸದ ಪಕ್ಕ ಬೀಗದ ಗುರುತಿದ್ದರೆ ಆ ಸೈಟನ್ನು ಯಾರೂ ಹ್ಯಾಕ್ ಮಾಡಲಾಗದು" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಆ ಬೀಗ ಸೂಚಿಸುವುದು ಎಚ್‌ಟಿಟಿಪಿಎಸ್ ಅನ್ನು, ಅಂದರೆ ಮಾಹಿತಿಯನ್ನು ಗುಟ್ಟಾಗಿ ಸಾಗಿಸುವ ವಿಧಾನವನ್ನು. ಅದು ಕಾಯುವುದು ನಿಮ್ಮ ಬ್ರೌಸರ್‌ನಿಂದ ಸರ್ವರ್‌ವರೆಗಿನ, ಅಂದರೆ ಸೈಟ್ ಇರುವ ಕಂಪ್ಯೂಟರ್‌ವರೆಗಿನ, ದಾರಿಯನ್ನು ಮಾತ್ರ. ನಡುವೆ ಯಾರೂ ನಿಮ್ಮ ಪಾಸ್‌ವರ್ಡ್ ಕದ್ದು ಓದಲಾರರು, ಅಷ್ಟೇ. ಸರ್ವರ್‌ನಲ್ಲಿ ಹಳೇ ವರ್ಡ್‌ಪ್ರೆಸ್ ಪ್ಲಗಿನ್ (ಸೈಟ್ ಕಟ್ಟುವ ತಂತ್ರಾಂಶಕ್ಕೆ ಸೇರಿಸುವ ಹೆಚ್ಚುವರಿ ಭಾಗ) ಇದ್ದರೆ, ಅಡ್ಮಿನ್ ಪಾಸ್‌ವರ್ಡ್ ಸುಲಭದ್ದಾಗಿದ್ದರೆ, ಕಳ್ಳ ಆ ಭದ್ರ ದಾರಿಯಲ್ಲೇ ಆರಾಮಾಗಿ ಬರುತ್ತಾನೆ.

ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ಅಂತೂ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯಲ್ಲಿ 2015ರಿಂದಲೇ ಪುಕ್ಕಟೆ. ಡೊಮೇನ್ (ಸೈಟಿನ ಹೆಸರು) ನಿಮ್ಮ ಹಿಡಿತದಲ್ಲಿದೆಯೇ ಎಂದಷ್ಟೇ ಅವರು ನೋಡುವುದು. ಮೋಸದ ಸೈಟಿನವರಿಗೂ ಸಿಗುತ್ತದೆ, ಅಲ್ವಾ? ಜನ ಹೀಗೆ ತಪ್ಪು ತಿಳಿಯುತ್ತಾರೆಂದೇ ಗೂಗಲ್ 2023ರಲ್ಲಿ ಕ್ರೋಮ್‌ನ ವಿಳಾಸಪಟ್ಟಿಯಿಂದ ಬೀಗದ ಚಿತ್ರ ತೆಗೆಯಿತು.

ಸರ್ವರ್ ನೋಡಿಕೊಳ್ಳುವವರು ಅಪ್‌ಡೇಟ್ ಮುಂದೂಡಬೇಡಿ. ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಬದಲು ಕೀ (ನಿಮ್ಮ ಕಂಪ್ಯೂಟರ್‌ನಲ್ಲಿರುವ ಗುಪ್ತ ಕಡತ) ಬಳಸಿ. ಬ್ಯಾಕಪ್ ಬೇರೆ ಸರ್ವರ್‌ನಲ್ಲಿರಲಿ.