ದಾಳಿಂಬೆ ಕಡ್ಡಿಗೆ ಬದುವಿನ ಮೇಲೇ ಬೆಂಕಿ ಯಾಕೆ?

ದಾಳಿಂಬೆ ಚಾಟ್ನಿ, ಅಂದರೆ ಕೊಂಬೆ ಸವರುವ ಕೆಲಸ, ಮುಗಿದ ದಿನಗಳಲ್ಲಿ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ಓಡಾಡಿ ನೋಡಿ. ಬದುಗಳ ಮೇಲೆ ಹೊಗೆ ಏಳುತ್ತಿರುತ್ತದೆ. ಕತ್ತರಿಸಿದ ಕಡ್ಡಿ ಒಟ್ಟಿ ಬೆಂಕಿ ಇಡುತ್ತೇವೆ. ಇದಕ್ಕೆ ರೈತರನ್ನು ಬೈಯುವುದು ತಪ್ಪು. ದಾಳಿಂಬೆ ಕಡ್ಡಿ ಅಂದರೆ ಬರೀ ಮುಳ್ಳು. ಕಾಲಿಗೂ ಚುಚ್ಚುತ್ತದೆ, ಟ್ರ್ಯಾಕ್ಟರ್ ಟೈರಿಗೂ ಚುಚ್ಚುತ್ತದೆ. ದುಂಡಾಣು ಅಂಗಮಾರಿ ಬಂದ ತೋಟವಾದರಂತೂ ಕಡ್ಡಿಯನ್ನು ಗಿಡದ ಬುಡದಲ್ಲಿ ಬಿಡುವ ಹಾಗೇ ಇಲ್ಲ. ರೋಗ ಅದರಲ್ಲೇ ಉಳಿದು ಹೊಸ ಚಿಗುರಿಗೆ ಹತ್ತುತ್ತದೆ. ಸುಟ್ಟರೆ ಕೆಲಸ ಮುಗಿಯಿತು.

ಆದರೆ ಆ ಕಡ್ಡಿ ಒಳ್ಳೆಯ ಉರುವಲು. ಕೊಳ್ಳಬೇಕಾದವರೂ ನಮ್ಮ ಮಗ್ಗುಲಲ್ಲೇ ಇದ್ದಾರೆ. ರಾಯಚೂರಿನ ಶಕ್ತಿನಗರದಲ್ಲಿ 1720 ಮೆಗಾವಾಟ್, ಯರಮರಸ್‌ನಲ್ಲಿ 1600, ಬಳ್ಳಾರಿಯ ಕುಡತಿನಿಯಲ್ಲಿ 1700. ಮೂರೂ ಕಲ್ಲಿದ್ದಲಿನ ಮೇಲೆ ನಡೆಯುವ ವಿದ್ಯುತ್ ಸ್ಥಾವರಗಳು. ಕಲ್ಲಿದ್ದಲಿನ ಜೊತೆ ಬೆಳೆ ತ್ಯಾಜ್ಯದ ಪೆಲೆಟ್ (ಪುಡಿಯನ್ನು ಒತ್ತಿ ಮಾಡಿದ ಗಟ್ಟಿ ಗುಳಿಗೆ) ಸೇರಿಸಿ ಉರಿಸಬೇಕು ಎಂದು ಕೇಂದ್ರ ವಿದ್ಯುತ್ ಸಚಿವಾಲಯ ಹೇಳಿದೆ. 2023ರಲ್ಲಿ ಅದು ಹೇಳಿದ್ದು 2024-25ರಿಂದ ಶೇ. 5, 2025-26ರಿಂದ ಶೇ. 7. ಅಂದರೆ ಒಂದು ದೊಡ್ಡ ಘಟಕಕ್ಕೇ ದಿನಕ್ಕೆ ನೂರಾರು ಟನ್ ಬೇಕು. ದಾಳಿಂಬೆ ಕಡ್ಡಿಯೊಂದೇ ಸಾಲುವುದಿಲ್ಲ. ಮಾವು, ಪೇರಲದ ಕೊಂಬೆ, ರಾಯಚೂರಿನ ಹತ್ತಿ ಕಟ್ಟಿಗೆ ಎಲ್ಲಾ ಸೇರಬೇಕು. ತೊಗರಿ ಕಟ್ಟಿಗೆ ಮಾತ್ರ ಬೇಡ. ಅದರಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ.

ಪೆಲೆಟ್ ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಕಡ್ಡಿ ಒಣಗಿಸಬೇಕು, ಸಣ್ಣಗೆ ಪುಡಿ ಮಾಡಬೇಕು, ತೂತಿನ ಅಚ್ಚಿನಲ್ಲಿ ಒತ್ತಬೇಕು. ಒತ್ತಡಕ್ಕೆ ಬಿಸಿಯಾಗಿ ಕಟ್ಟಿಗೆಯಲ್ಲಿರುವ ಲಿಗ್ನಿನ್ ಮೆತ್ತಗಾಗುತ್ತದೆ, ಅದೇ ಅಂಟಾಗುತ್ತದೆ. ಬೇರೆ ಅಂಟು ಸುರಿಯಬೇಕಾಗಿಲ್ಲ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಶೇ. 30ರಿಂದ 40ರಷ್ಟು ಬೂದಿ ಇರುತ್ತದೆ. ಹಾಗಾಗಿ ಒಂದು ಕಿಲೋ ಕಟ್ಟಿಗೆ ಪೆಲೆಟ್ ಕೊಡುವ ಶಾಖ ಆ ಕಲ್ಲಿದ್ದಲಿಗೆ ಹೆಚ್ಚುಕಡಿಮೆ ಸಮ. ಬತ್ತದ ಹುಲ್ಲಿಗಿಂತ ಕಟ್ಟಿಗೆಯಲ್ಲಿ ಬೂದಿಯೂ ಎಷ್ಟೋ ಕಡಿಮೆ.

ಹಾಗಾದರೆ ಅಡ್ಡಿ ಏನು? ಸಾಗಾಟ. ಮುಳ್ಳುಕಡ್ಡಿ ತುಂಬಿದ ಟ್ರೇಲರ್ ನೋಡಿದ್ದೀರಲ್ವಾ? ಬೆಟ್ಟದಷ್ಟು ಎತ್ತರ ಕಾಣುತ್ತದೆ, ತೂಕ ಮಾತ್ರ ಇರುವುದಿಲ್ಲ. ಅರ್ಧಕ್ಕರ್ಧ ಬರೀ ಗಾಳಿಯನ್ನು ಶಕ್ತಿನಗರದ ತನಕ ಸಾಗಿಸಿದರೆ ಬಂದ ದುಡ್ಡೆಲ್ಲಾ ಡೀಸೆಲ್‌ಗೇ ಹೋಗುತ್ತದೆ. ಪೆಲೆಟ್ ಆದರೆ ಘನ ಮೀಟರ್‌ಗೆ 600 ಕಿಲೋ ಮೇಲೆ ತೂಗುತ್ತದೆ. ಅದಕ್ಕೇ ನಾನು ಹೇಳುವುದು, ಊರಿನಿಂದ ದೂರ ಒಂದು ದೊಡ್ಡ ಕಾರ್ಖಾನೆ ಕಟ್ಟಿ ಸುಮ್ನೆ ಕೂತರೆ ಆಗುವುದಿಲ್ಲ. ಕಡ್ಡಿ ಕತ್ತರಿಸುವ ಯಂತ್ರ ತೋಟದ ಬದುವಿಗೇ ಬರಬೇಕು. ಪೆಲೆಟ್ ಒತ್ತುವ ಯಂತ್ರ ಹೋಬಳಿಯಲ್ಲೇ ಇರಬೇಕು. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ರೋಟಾವೇಟರ್ ಬಾಡಿಗೆಗೆ ಸಿಗುವ ಹಾಗೆ ಇದೂ ಸಿಗಲಿ. ಚಾಟ್ನಿ ಹೊತ್ತಿಗೆ ಊರೂರು ಸುತ್ತಲಿ. ಒಣಗಿಸುವುದಕ್ಕೆ ನಮ್ಮ ಬಿಸಿಲು ಸಾಕು.

ಕಡ್ಡಿಯನ್ನು ಮಣ್ಣಿನಲ್ಲಿ ಎಳೆಯಬಾರದು. ಮಣ್ಣು ಹತ್ತಿದರೆ ಬೂದಿ ಹೆಚ್ಚುತ್ತದೆ, ಅಚ್ಚು ಸವೆಯುತ್ತದೆ. ರೋಗ ಬಂದ ತೋಟದ ಕಡ್ಡಿಯನ್ನು ಮುಚ್ಚದೆ ಬೇರೆಯವರ ತೋಟದ ಪಕ್ಕ ಒಯ್ಯಬಾರದು, ತಾಡಪತ್ರಿ ಹೊದಿಸಲೇಬೇಕು. ಇನ್ನೊಂದು ವಿಷಯ. ದಾಳಿಂಬೆಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದರ ತಾಮ್ರ ಸುಟ್ಟರೂ ಹೋಗುವುದಿಲ್ಲ, ಬೂದಿಯಲ್ಲಿ ಉಳಿಯುತ್ತದೆ. ಈ ಪೆಲೆಟ್ ಅಡುಗೆ ಒಲೆಗೆ ಬೇಡ, ದೊಡ್ಡ ಬಾಯ್ಲರ್‌ಗೇ ಹೋಗಲಿ.

ಇನ್ನು ದರ. ಬರೀ ತೂಕ ನೋಡಿ ಕೊಟ್ಟರೆ ಹಸಿ ಕಡ್ಡಿಗೇ ಜಾಸ್ತಿ ದುಡ್ಡು ಸಿಗುತ್ತದೆ. ಒಣಗಿಸಿ ತಂದ ರೈತನಿಗೆ ನಷ್ಟ. ಹಸಿ ಪುಡಿಯ ಪೆಲೆಟ್ ಗಟ್ಟಿಯಾಗಿ ನಿಲ್ಲುವುದೂ ಇಲ್ಲ, ಉದುರುತ್ತದೆ. ಹತ್ತಿ ಖರೀದಿಯಲ್ಲಿ ತೇವಾಂಶ ಅಳೆದು ದರ ಹೇಳುತ್ತಾರಲ್ಲ, ಹಾಗೆ ಕಡ್ಡಿಗೂ ಮೀಟರ್ ಹಿಡಿದು, ರೈತನ ಎದುರಿಗೇ ತೂಗಿ, ಒಣ ಕಡ್ಡಿಗೆ ಹೆಚ್ಚು ದರ ಕೊಡಬೇಕು.