ಮನೆಗೊಂದೇ ಫೋನು, ಓಟಿಪಿ ಮಾತ್ರ ಎಲ್ಲರಿಗೂ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: ತಾವೇ ಬಳಸುವ ಮೊಬೈಲ್ ಇದ್ದದ್ದು ದೇಶದ 54% ಹೆಂಗಸರಿಗಷ್ಟೇ. ಉಳಿದವರು ಗಂಡನದೋ ಮಗನದೋ ನಂಬರು ಕೊಡಬೇಕು. ಬ್ಯಾಂಕಲ್ಲಿ ಓಟಿಪಿ ಕೇಳುವ ಹೊತ್ತಿಗೆ ಆ ಫೋನು ಗದ್ದೆಯಲ್ಲೋ ಗಾರೆ ಕೆಲಸದಲ್ಲೋ ಇರುತ್ತದೆ. ಕೆಲವೇ ನಿಮಿಷ, ಅವಧಿ ಮುಗಿಯಿತು, ಮತ್ತೆ ಸರದಿ ನಿಲ್ಲಿ!

ಇದಕ್ಕಿಂತ ಹೊಟ್ಟೆ ಉರಿಸುವುದು ರೀಚಾರ್ಜ್ ಮಾಡಿಸದ ಪ್ರೀಪೇಯ್ಡ್ ಸಿಮ್ಮು. 90 ದಿನ ಬಳಸದೆ, ಬ್ಯಾಲೆನ್ಸ್ 20 ರೂಪಾಯಿಗಿಂತ ಕಡಿಮೆಯಿದ್ದರೆ ಅದನ್ನು ನಿಲ್ಲಿಸಿಬಿಡಬಹುದು. ಆಮೇಲೆ ಅದೇ ನಂಬರು ಯಾರಿಗೋ ಹೋಗುತ್ತದೆ, ಓಟಿಪಿಯೂ ಅವರಿಗೇ. ಆಧಾರ್ ಕೇಂದ್ರಕ್ಕೆ ಹೋಗಿ ನಂಬರು ಬದಲಿಸೋಣವೆಂದರೆ, ದುಡಿದು ಸವೆದ ಬೆರಳನ್ನು ಯಂತ್ರ ಒಪ್ಪುವುದಿಲ್ಲ. ಆಗ ಕಣ್ಣಿನ ಸ್ಕ್ಯಾನ್ ಮಾಡಿ ಅಂತ ಪಟ್ಟು ಹಿಡಿದು ಕೇಳಿ.