ಹಸಿರುಮನೆಯ ಬಾಗಿಲು ತೆರೆಯುವ ಹೊತ್ತು

ಬಯಲಿನಲ್ಲಿ ಗಿಡ ಬೆಳೆಸಿ ಪಳಗಿದ ಕೈ ಬಾಲ್ಕನಿಯ ಹಸಿರುಮನೆಯ ಮುಂದೆ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಕರ್ನಾಟಕ ಬಿಟ್ಟು ಚಳಿ ಹೆಚ್ಚಿರುವ ನಾಡಿನಲ್ಲಿ ನೆಲೆಸಿದ ಮೇಲೆ, ಮೂರಡಿ ಅಗಲದ, ಆಳೆತ್ತರದ, ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆಯ ಚೌಕಟ್ಟೊಂದನ್ನು ಬಾಲ್ಕನಿಯ ಮೂಲೆಯಲ್ಲಿ ನಿಲ್ಲಿಸಿದೆ. ಚಳಿಗೆ ಹೊದಿಸುವ ಕಂಬಳಿಯಂತೆ ಅದನ್ನು ಬಳಸಿದ್ದೇ ನನ್ನ ಮೊದಲ ತಪ್ಪು. ಬಾಗಿಲಿನ ಜಿಪ್ಪನ್ನು ಪೂರ್ತಿ ಎಳೆದು ಮುಚ್ಚಿ, ಹಳೆಯ ರೂಢಿಯಂತೆ ಬೆಳಿಗ್ಗೆ ಸಂಜೆ ನೀರು ಹಾಕುತ್ತಿದ್ದೆ. ಹತ್ತು ದಿನ ಕಳೆಯುವಷ್ಟರಲ್ಲಿ ಟೊಮೆಟೊ ಸಸಿಗಳು ಒಂದೊಂದಾಗಿ ಮಲಗಿದವು. ಎಲೆಗಳು ಇನ್ನೂ ಹಸಿರಾಗಿಯೇ ಇದ್ದವು; ಮಣ್ಣಿಗೆ ತಾಗುವಲ್ಲಿ ಮಾತ್ರ ಕಾಂಡ ಕಂದು ಬಣ್ಣಕ್ಕೆ ತಿರುಗಿ ನೂಲಿನಷ್ಟು ಸಣ್ಣದಾಗಿತ್ತು. ಒದ್ದೆ ಮಣ್ಣು ಮತ್ತು ಅಲುಗಾಡದ ಗಾಳಿ ಸೇರಿದಲ್ಲಿ ಎಳೆಯ ಸಸಿಗೆ ತಗಲುವ ಬುಡಕೊಳೆ ರೋಗ ಅದು; ಒಮ್ಮೆ ಸಸಿ ಬಾಗಿತೆಂದರೆ ಮತ್ತೆ ಏಳುವುದಿಲ್ಲ.

ತೆರೆದ ನೆಲದಲ್ಲಿ ನಮ್ಮ ಅರ್ಧ ತಪ್ಪುಗಳನ್ನು ಗಾಳಿ, ಬಿಸಿಲು ಮತ್ತು ಭೂಮಿ ತಾವೇ ತಿದ್ದಿಬಿಡುತ್ತವೆ. ಒಂದು ಬಿಂದಿಗೆ ನೀರು ಹೆಚ್ಚಾಗಿ ಸುರಿದರೂ ಅದು ಆಳಕ್ಕೆ ಇಂಗುತ್ತದೆ, ಆರುತ್ತದೆ. ಮುಚ್ಚಿದ ಹಸಿರುಮನೆಯಲ್ಲಿ ನೀರಿಗೆ ಹೋಗಲು ದಾರಿಯಿಲ್ಲ: ಎಲೆಯಿಂದ, ಮಣ್ಣಿನಿಂದ ಆವಿಯಾದದ್ದು ಹೊದಿಕೆಯ ಒಳಮೈಯಲ್ಲಿ ಹನಿಗಟ್ಟಿ ಮತ್ತೆ ಕುಂಡಕ್ಕೇ ಇಳಿಯುತ್ತದೆ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಅವರು ಪತಂಗದ ಗೂಡೊಂದನ್ನು ತೇವದ ಮಣ್ಣಿನೊಡನೆ ಗಾಜಿನ ಸೀಸೆಯಲ್ಲಿ ಮುಚ್ಚಿಟ್ಟಾಗ, ಆ ಮಣ್ಣಿನಲ್ಲಿ ತಾನಾಗಿ ಮೊಳೆತ ಜರೀಗಿಡ ಯಾರೂ ನೀರೆರೆಯದೆ ವರ್ಷಗಟ್ಟಲೆ ಬದುಕಿತು. ಸಮುದ್ರದಾಚೆಗೆ ಗಿಡ ಸಾಗಿಸುವ ಗಾಜಿನ ಪೆಟ್ಟಿಗೆಗಳು ಹುಟ್ಟಿದ್ದು ಈ ಕಾಣ್ಕೆಯಿಂದ. ಆದರೆ ಜರೀಗಿಡಕ್ಕೆ ಹಿತವಾದ ಆ ತೇವ ಟೊಮೆಟೊಗೂ ಕೊತ್ತಂಬರಿಗೂ ಒಗ್ಗುವುದಿಲ್ಲ. ಈಗ ನಾನು ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗಿಳಿಸಿ, ಅಲ್ಲಿಯೂ ಒಣಗಿದ್ದರೆ ಮಾತ್ರ ನೀರು ಹಾಕುತ್ತೇನೆ, ಅದೂ ಬೆಳಗಿನ ಹೊತ್ತು, ಎಲೆಗೆ ತಾಗದಂತೆ ಬುಡಕ್ಕೆ.

ಹಸಿರುಮನೆ ಬಿಸಿಯಾಗುವುದೇಕೆ ಎಂದು ತಿಳಿದುಕೊಂಡ ಮೇಲೆ ಬಾಗಿಲಿನ ಮಹತ್ವ ನನಗೆ ಸರಿಯಾಗಿ ಅರ್ಥವಾಯಿತು. ಗಾಜು ಶಾಖದ ಕಿರಣಗಳನ್ನು ಹೊರಗೆ ಬಿಡದಿರುವುದೇ ಕಾರಣವೆಂದು ಬಹಳ ಮಂದಿ ನಂಬಿದ್ದರು. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಅವರು ಎರಡು ಪೆಟ್ಟಿಗೆಗಳನ್ನು ಬಿಸಿಲಿಗಿಟ್ಟು, ಒಂದಕ್ಕೆ ಗಾಜನ್ನೂ ಇನ್ನೊಂದಕ್ಕೆ ಆ ಕಿರಣಗಳನ್ನು ತಡೆಯದ ಕಲ್ಲುಪ್ಪಿನ ಹಲಗೆಯನ್ನೂ ಮುಚ್ಚಿ ನೋಡಿದರು. ಎರಡರ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಬಿಸಿಯಾದ ಗಾಳಿ ಮೇಲೇರಿ ಹೊರಟುಹೋಗದಂತೆ ಸಿಕ್ಕಿಬೀಳುವುದೇ ಒಳಗಿನ ಬಿಸಿಗೆ ಮುಖ್ಯ ಕಾರಣ. ಹಾಗಿದ್ದಲ್ಲಿ ಬಾಗಿಲೇ ನಮ್ಮ ಕೈಯಲ್ಲಿರುವ ಹಿಡಿತ. ಹಸಿರುಮನೆಯ ಗೂಡು ಚಿಕ್ಕದಾದಷ್ಟೂ ಬೇಗ ಕಾಯುತ್ತದೆ, ಅಷ್ಟೇ ಬೇಗ ಆರುತ್ತದೆ. ಚಳಿಗಾಲ ಮುಗಿಯುತ್ತಿದ್ದ ಒಂದು ಮಧ್ಯಾಹ್ನ ಹೊರಗೆ 14 ಡಿಗ್ರಿ ಸೆಲ್ಸಿಯಸ್ ಇದ್ದಾಗ ಒಳಗೆ ತೂಗುಹಾಕಿದ ಉಷ್ಣಮಾಪಕ 38 ತೋರಿಸುತ್ತಿತ್ತು. ಅದೇ ರಾತ್ರಿ ಒಳಗೂ ಹೊರಗೂ ಎರಡೇ ಡಿಗ್ರಿಯ ಅಂತರ. ರಾತ್ರಿಯ ಚಳಿಯಿಂದ ಗಿಡವನ್ನು ಕಾಯುವ ಶಕ್ತಿ ಈ ತೆಳು ಹೊದಿಕೆಗೆ ಹೆಚ್ಚಿಲ್ಲವೆಂಬುದನ್ನು ಕೊಳ್ಳುವ ಮೊದಲೇ ತಿಳಿದಿರುವುದು ಒಳ್ಳೆಯದು. ನೀರು ತುಂಬಿದ ಬಾಟಲಿಗಳನ್ನು ಚೌಕಟ್ಟಿನ ಕೆಳಗಿನ ಅಂತಸ್ತಿನಲ್ಲಿ ಸಾಲಾಗಿ ಇಟ್ಟರೆ ಹಗಲಿನ ಬಿಸಿಯನ್ನು ಹೀರಿ ರಾತ್ರಿ ನಿಧಾನವಾಗಿ ಬಿಡುತ್ತವೆ. ಅಷ್ಟರ ಮಟ್ಟಿಗೆ ಸಹಾಯ.

ಏನು ಬೆಳೆಯಬೇಕೆಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಹಗಲು ಚಿಕ್ಕದಾಗಿರುವ ತಿಂಗಳುಗಳಲ್ಲಿ ಕಾಯಿ ಬಿಡುವ ಗಿಡಗಳ ಆಸೆ ಬಿಡಬೇಕು. ಬಿಸಿಯನ್ನು ಹೇಗೋ ಒದಗಿಸಬಹುದು, ಬೆಳಕಿನ ಕೊರತೆಯನ್ನು ಹೊದಿಕೆ ತುಂಬಲಾರದು. ಕೊಳೆ ಹಿಡಿದ ಪ್ಲಾಸ್ಟಿಕ್ ಇದ್ದ ಬೆಳಕನ್ನೂ ಕಸಿಯುತ್ತದೆ. ಮೆಂತ್ಯ, ಪಾಲಕ್, ಕೊತ್ತಂಬರಿ, ಪುದೀನ ಇಂಥವು ನಾಲ್ಕೈದು ಗಂಟೆಯ ಬಿಸಿಲಿನಲ್ಲಿಯೂ ಬೆಳೆಯುತ್ತವೆ. ಪುದೀನಕ್ಕೆ ಮಾತ್ರ ಬೇರೆಯೇ ಕುಂಡ ಬೇಕು, ಇಲ್ಲದಿದ್ದರೆ ಅದರ ಬೇರು ಪಕ್ಕದ ಗಿಡದ ಜಾಗವನ್ನೆಲ್ಲ ಆಕ್ರಮಿಸುತ್ತದೆ. ಟೊಮೆಟೊ, ಮೆಣಸಿನಕಾಯಿಗಳು ಹಗಲು ಉದ್ದವಾದ ಮೇಲೆ ಬರಲಿ.

ಆಗಲೂ ಬಯಲಿಗೂ ಗೂಡಿಗೂ ಒಂದು ದೊಡ್ಡ ವ್ಯತ್ಯಾಸ ಉಳಿಯುತ್ತದೆ. ಬಯಲಿನಲ್ಲಿ ಟೊಮೆಟೊ ಹೂವನ್ನು ಗಾಳಿ ಅಲುಗಿಸುತ್ತದೆ, ದುಂಬಿ ಬಂದು ನಡುಗಿಸುತ್ತದೆ, ಕಾಯಿ ಕಚ್ಚುವುದನ್ನು ನಾವು ಯೋಚಿಸಬೇಕಾಗಿಯೇ ಇರಲಿಲ್ಲ. ಮುಚ್ಚಿದ ಗೂಡಿನಲ್ಲಿ ಆ ಕೆಲಸ ನಮ್ಮದು. ಬಿಸಿಲೇರಿ ಹೂವಿನ ತೇವ ಆರಿದ ಮೇಲೆ ಗೊಂಚಲಿನ ತೊಟ್ಟಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿದರೆ, ಕೆಳಗೆ ಹಿಡಿದ ಅಂಗೈ ಮೇಲೆ ಹಳದಿ ಪುಡಿ ಉದುರುವುದು ಕಣ್ಣಿಗೇ ಕಾಣುತ್ತದೆ. ಒಂದೇ ಹೂವಿನಲ್ಲಿ ಗಂಡು ಹೆಣ್ಣು ಭಾಗಗಳೆರಡೂ ಇರುವುದರಿಂದ ಅಷ್ಟು ಅಲುಗಾಟವೇ ಸಾಕು. ಆದರೆ ಒಳಗಿನ ಉಷ್ಣತೆ 35 ಡಿಗ್ರಿ ಮೀರಿ ನಿಂತರೆ ಪರಾಗ ಕೆಡುತ್ತದೆ, ಎಷ್ಟು ತಟ್ಟಿದರೂ ಹೂ ಉದುರುತ್ತದೆ. ಮಾತು ಮತ್ತೆ ಬಾಗಿಲಿಗೇ ಬಂದು ನಿಲ್ಲುತ್ತದೆ.

ಭಾರದ ವಿಷಯವನ್ನೂ ಹೇಳಬೇಕು. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ, ಒದ್ದೆ ಮಣ್ಣು ಅದಕ್ಕಿಂತಲೂ ಭಾರ. ಹೀಗಾಗಿ ಬಾಲ್ಕನಿಗೆ ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರದ ಮಿಶ್ರಣವೇ ಮೇಲು. ಭಾರದ ಕುಂಡಗಳು ಕೆಳಗಿನ ಅಂತಸ್ತಿನಲ್ಲಿರಲಿ, ಚೌಕಟ್ಟನ್ನು ಕಂಬಿಗೆ ಬಿಗಿಯಾಗಿ ಕಟ್ಟಿರಲಿ, ಏಕೆಂದರೆ ಎತ್ತರದ ಮಹಡಿಯಲ್ಲಿ ಗಾಳಿ ಇಂಥ ಹಗುರ ಗೂಡನ್ನು ಸುಲಭವಾಗಿ ಉರುಳಿಸುತ್ತದೆ.

ಈಗ ಬೆಳಿಗ್ಗೆ ಎದ್ದೊಡನೆ ನಾನು ನೋಡುವುದು ಹೊದಿಕೆಯ ಒಳಮೈಯನ್ನು. ಅಲ್ಲಿ ಹನಿಗಳು ದಟ್ಟವಾಗಿದ್ದರೆ ಆ ದಿನ ನೀರಿಲ್ಲ. ಬಿಸಿಲು ತಾಗಿದ ಕೂಡಲೇ ಜಿಪ್ಪನ್ನು ಒಂದು ಗೇಣಿನಷ್ಟು ಇಳಿಸುತ್ತೇನೆ, ಹೊತ್ತೇರಿದಂತೆ ಪೂರ್ತಿ ತೆರೆಯುತ್ತೇನೆ, ಸಂಜೆ ಬಿಸಿಲು ಇಳಿಯುವ ಮೊದಲು ಮುಚ್ಚುತ್ತೇನೆ. ಹೀಗೆ ಮಾಡತೊಡಗಿದ ಮೇಲೆ ಬುಡ ಕೊಳೆತು ಸಸಿ ಮಲಗುವುದು ನಿಂತುಹೋಗಿದೆ.